ಪ್ರಾರ್ಥನೆಯ ಹೊತ್ತೇ ಪಾಠದ ಹೊತ್ತಾದ ಬಗೆ: ನನ್ನ ಅನುಭವ

ಕಳೆದ ವರ್ಷ ಮಗಳ ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ, ಶಾಲೆ ಬಿಡಿಸಿ ಮನೆಯಲ್ಲೇ ನಾನು ಮಕ್ಕಳಿಗೆ ಕಲಿಸಿದ್ದನ್ನು ಏಳು ವರ್ಷ ಪಾಠವೆಂದೇ ಒಪ್ಪದಿದ್ದ ಮಾವನವರು ಕನ್ನಡಕ ಒರೆಸಿಕೊಂಡು ಅಂಕಪಟ್ಟಿಯನ್ನು ಎರಡು ಸಲ ಓದಿದರು. ಕನ್ನಡದಲ್ಲಿ 87, ಗೃಹವಿಜ್ಞಾನದಲ್ಲಿ ಅದಕ್ಕಿಂತ ಒಂದೆರಡು ಕಡಿಮೆ, ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನಗಳಲ್ಲಿ ಎಪ್ಪತ್ತರ ಆಸುಪಾಸು, ಗಣಿತದಲ್ಲಿ 54. "ಗಣಿತ ಕಮ್ಮಿ ಆತಲ್ಲ" ಎಂದಷ್ಟೇ ಹೇಳಿ ಎದ್ದು ಹೋದವರು ಸಂಜೆ ಅರ್ಧ ಕಿಲೋ ಪೇಢೆ ತಂದು, ಯಾರಿಗೂ ಏನೂ ಹೇಳದೆ ಊಟದ ಮೇಜಿನ ಮೇಲಿಟ್ಟರು. ನನಗೆ ಆ ಪೇಢೆಯೇ ಪ್ರಮಾಣಪತ್ರವಾಯಿತು. ಇದನ್ನು ಬರೆಯಲು ಧೈರ್ಯ ಬಂದದ್ದೂ ಅದರಿಂದಲೇ.

ಅವರ ಅಸಮಾಧಾನಕ್ಕೆ ಕಾರಣವಿತ್ತು. ನಮ್ಮದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಪರಂಪರೆಯ ಕುಟುಂಬ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಷನ್ನಿನವರು ಕೆಲವೇ ವರ್ಷಗಳಲ್ಲಿ ಧಾರವಾಡ ಸೀಮೆಗೂ ಬಂದು, ದೇವಾಲಯದ (ಚರ್ಚಿನ) ಮಗ್ಗುಲಿಗೆ ಶಾಲೆಯನ್ನೂ ಎಬ್ಬಿಸಿದರು ಎಂಬುದು ನಮ್ಮ ಕ್ರೈಸ್ತ ಸಭೆಯವರಿಗೆ ಇಂದಿಗೂ ಹೆಮ್ಮೆಯ ಮಾತು. ಮಾವನವರು 34 ವರ್ಷ ಗಣಿತ ಕಲಿಸಿ ನಿವೃತ್ತರಾದವರು. 2016ರ ಜೂನ್‌ನಲ್ಲಿ, ಮೂರನೆಯ ತರಗತಿ ಮುಗಿಸಿದ ಮಗಳ ಟಿಸಿ ತಂದು ಅಲಮಾರಿನಲ್ಲಿಟ್ಟು, ಐದು ವರ್ಷದ ಮಗನನ್ನು ಶಾಲೆಗೆ ಸೇರಿಸುವುದೇ ಇಲ್ಲ ಎಂದು ನಾನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ಹಿರಿಯರು ಸಾಲಿ ಕಟ್ಟಿದವರು. ನೀ ಸಾಲಿ ಬಿಡಸ್ತೀ ಏನವಾ?" ಅದಕ್ಕೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಂಗ್ಲಿಷ್ ಮಾಧ್ಯಮದ ಆ ಶಾಲೆಯಲ್ಲಿ ಮಗಳು ಮೂರು ವರ್ಷ ಕಳೆದರೂ ಭಾನುವಾರ ದೇವಾಲಯದಲ್ಲಿ ಗೀತಪುಸ್ತಕವನ್ನು ಬಿಡಿಸಿ ಹಿಡಿದು ಬಾಯಿ ಮಾತ್ರ ಆಡಿಸುತ್ತಿದ್ದಳು, ಕನ್ನಡದ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ ಎಂಬುದೊಂದೇ ನನ್ನ ಬಳಿಯಿದ್ದ ಕಾರಣ. ಕಾನೂನಿನ ಪ್ರಶ್ನೆ, ನೆಂಟರ ಪ್ರಶ್ನೆ, "ಮಕ್ಕಳು ಜನರೊಂದಿಗೆ ಬೆರೆಯುವುದು ಹೇಗೆ" ಎಂಬ ಪ್ರಶ್ನೆ ಇವೆಲ್ಲ ಈ ದಾರಿಯಲ್ಲಿರುವ ತಾಯಂದಿರಿಗೆ ಬಾಯಿಪಾಠವಾಗಿರುವುದರಿಂದ ಅವನ್ನು ಇಲ್ಲಿ ಬಿಡುತ್ತೇನೆ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ನಿಮ್ಮಲ್ಲಿ ಅರ್ಧದಷ್ಟು ಜನ ಮಾಡಿರುತ್ತೀರಿ. ಒಂದು ಕೈಬಳೆಯನ್ನು ಒತ್ತೆಯಿಟ್ಟು, ಅಮೆರಿಕದಿಂದ ಇಡೀ ವರ್ಷದ ಕ್ರೈಸ್ತ ಪಠ್ಯಕ್ರಮದ ಪೆಟ್ಟಿಗೆಯನ್ನು ತರಿಸಿದೆ. ಕೊರಿಯರ್, ಕಸ್ಟಮ್ಸ್ ಸುಂಕ ಎಲ್ಲ ಸೇರಿ ಸುಮಾರು 41,000 ರೂಪಾಯಿ ಆಯಿತು. ಯಜಮಾನರು ಬಿಡಿಭಾಗಗಳ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು; ಆ ಮೊತ್ತ ನಮಗೆ ಎರಡು ತಿಂಗಳ ಸಂಬಳ. ಪುಸ್ತಕಗಳು ಬಹಳ ಅಂದವಾಗಿದ್ದವು. ಆದರೆ ಗಣಿತದಲ್ಲಿ ನಾಣ್ಯವೆಂದರೆ ಡೈಮ್ ಮತ್ತು ನಿಕ್ಕಲ್, ಅಳತೆಯೆಂದರೆ ಗ್ಯಾಲನ್, ಚಳಿಗಾಲದ ಪಾಠದಲ್ಲಿ ಹಿಮದ ಗೊಂಬೆ, ನವೆಂಬರ್ ತಿಂಗಳಿಡೀ ಥ್ಯಾಂಕ್ಸ್‌ಗಿವಿಂಗ್. ನಮ್ಮ ಸಭೆಯಲ್ಲಿ ಬೆಳೆಹಬ್ಬದ ದಿನ ಕುಂಬಳಕಾಯಿ, ಕೋಳಿ, ಜೋಳದ ಚೀಲಗಳನ್ನು ದೇವಾಲಯಕ್ಕೆ ತಂದು ಲಿಲಾವು ಹಾಕುವುದನ್ನು ಕಂಡು ಬೆಳೆದ ಮಗುವಿಗೆ ನಾನು ಕಂಡರಿಯದ ಹಕ್ಕಿಯೊಂದನ್ನು ಸುಟ್ಟು ಉಣ್ಣುವ ಹಬ್ಬದ ಬಗ್ಗೆ ಮೂರು ವಾರ ಕಲಿಸಿದೆ. ಕೊನೆಗೆ ಆ ಪೆಟ್ಟಿಗೆಯನ್ನು ಇನ್ನೊಬ್ಬ ತಾಯಿಗೆ 7,000 ರೂಪಾಯಿಗೆ ಕೊಟ್ಟೆ. ಅವರು ಇನ್ನೂ ನನ್ನೊಂದಿಗೆ ಮಾತನಾಡುತ್ತಾರೆ ಎಂಬುದು ಅವರ ದೊಡ್ಡತನ.

ಎರಡನೆಯ ವರ್ಷ ಗಂಟೆ ಬಾರಿಸಿದೆ. ಅಕ್ಷರಶಃ ಬಾರಿಸಿದೆ; ಹಿತ್ತಾಳೆಯ ಗಂಟೆಯೊಂದನ್ನು ಕೊಂಡು, ಎಂಟೂವರೆಯಿಂದ ಎರಡೂವರೆಯವರೆಗೆ ವೇಳಾಪಟ್ಟಿ ಹಾಕಿ, ಬಿಟ್ಟು ಬಂದ ಶಾಲೆಯನ್ನೇ ನಡುಮನೆಯಲ್ಲಿ ಮತ್ತೆ ಕಟ್ಟಿದೆ. ಮೊಬೈಲಿನ ಪಾಠಗಳಿಗೆ ವರ್ಷದ ಚಂದಾ ಸುಮಾರು 9,000 ಕಟ್ಟಿದ್ದು ಎರಡು ತಿಂಗಳಿಗೆ ಮುಗಿಯಿತು. ಬೆಳಗಿನ ಕುಟುಂಬ ಪ್ರಾರ್ಥನೆಯಲ್ಲಿ ಪ್ರೀತಿ, ತಾಳ್ಮೆಗಳ ಬಗ್ಗೆ ಸತ್ಯವೇದದ (ಬೈಬಲಿನ) ವಚನ ಓದಿ ಮುಗಿಸಿದ ಅರ್ಧ ಗಂಟೆಯೊಳಗೆ ಭಾಗಾಕಾರದ ಮೇಲೆ ಕೂಗಾಡುತ್ತಿದ್ದ ನನ್ನನ್ನು ಕಂಡು ಅತ್ತೆಯವರು ಒಮ್ಮೆ ಕಿಟಕಿ ಮುಚ್ಚಿದರು. ಬೀದಿಗೆ ಕೇಳಿಸದಿರಲಿ ಎಂದು.

ಇದಕ್ಕಿಂತ ದೊಡ್ಡ ತಪ್ಪು ಮೂರನೆಯ ವರ್ಷದ್ದು. ಮಗಳು ಎದುರು ಮಾತನಾಡಿದಾಗಲೆಲ್ಲ ಸತ್ಯವೇದದ 119ನೆಯ ಕೀರ್ತನೆಯಿಂದ ಎಂಟು ವಚನಗಳನ್ನು ನಕಲು ಮಾಡುವ ಶಿಕ್ಷೆ ಕೊಡತೊಡಗಿದೆ. ಅದರಲ್ಲಿ 176 ವಚನಗಳಿರುವುದರಿಂದ ಶಿಕ್ಷೆಗೆ ಕೊರತೆಯಿರಲಿಲ್ಲ. ಆ ಮಳೆಗಾಲದಲ್ಲಿ ಒಂದು ದಿನ ಅವಳ ಸತ್ಯವೇದ ಕಾಣೆಯಾಯಿತು. ನಾಲ್ಕು ದಿನ ಹುಡುಕಿದೆವು. ಐದನೆಯ ದಿನ ಬೀಸಲು ಕೊಡಲೆಂದು ಜೋಳದ ಡಬ್ಬಿಗೆ ಕೈ ಹಾಕಿದಾಗ ಮೊಣಕೈಯುದ್ದ ಆಳದಲ್ಲಿ ಏನೋ ಗಟ್ಟಿಯಾದದ್ದು ತಗುಲಿತು. ದಿಂಬಿನ ಚೀಲದಲ್ಲಿ ಸುತ್ತಿದ ಸತ್ಯವೇದ. ಹುಳ ಬೀಳದಿರಲೆಂದು ನಾನು ಜೋಳದ ನಡುವೆ ಹಾಕಿದ್ದ ಬೇವಿನ ಎಲೆಗಳನ್ನೇ ಆಯ್ದು, ಪುಸ್ತಕಕ್ಕೂ ಹುಳ ಹತ್ತಬಾರದೆಂದು ಹಾಳೆಗಳ ನಡುವೆ ಇಟ್ಟಿದ್ದಳು. ಕೇಳಿದರೆ ಅಳಲಿಲ್ಲ, ಸುಳ್ಳು ಹೇಳಲಿಲ್ಲ. "ಅದು ಸಿಗಲಿಲ್ಲಂದ್ರ ಬರಿಯೂದು ತಪ್ಪತೈತಿ" ಎಂದಳು. ಆ ಎಲೆಗಳನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ಪುಸ್ತಕದ ಮೇಲೆ ಅವಳಿಗೆ ಕೋಪವಿರಲಿಲ್ಲ, ನನ್ನ ಮೇಲಿತ್ತು.

ಅಂದು ಎರಡು ನಿರ್ಧಾರ ಮಾಡಿದೆ. ದೇವರ ವಾಕ್ಯವನ್ನು ಶಿಕ್ಷೆಯಾಗಿ ಬಳಸುವುದಿಲ್ಲ. ಅದರಿಂದ ಬರೆದ ಯಾವ ಬರಹದ ಮೇಲೂ ಕೆಂಪು ಮಸಿ ಬೀಳುವುದಿಲ್ಲ, ಅಂಕವೂ ಇಲ್ಲ. ಗಂಟೆಯನ್ನು ಗುಜರಿಯವನಿಗೆ ಕೊಟ್ಟೆ. ಬೆಳಿಗ್ಗೆ ಆರೂವರೆಯ ಕುಟುಂಬ ಪ್ರಾರ್ಥನೆ ಒಂದೇ ಉಳಿಯಿತು. ಪಾಠವನ್ನು ಬೇರೆಲ್ಲೂ ಹುಡುಕದೆ ಆ ಒಂದು ಗಂಟೆಯೊಳಗೇ ಇಟ್ಟರೆ ಏನಾಗುತ್ತದೆ ನೋಡೋಣ ಎಂಬುದು ನನ್ನ ಯೋಚನೆಯಾಗಿತ್ತು. "ಪ್ರಾರ್ಥನೆ ಮಾಡಿದರ ಪರೀಕ್ಷೆ ಪಾಸಾಗ್ತಾವೇನು?" ಎಂದು ಸಭೆಯ ಹಿರಿಯರೊಬ್ಬರು ನಗೆಯಾಡಿದರು.

ನಡೆಸಿದ ಕ್ರಮ ಇಷ್ಟೇ. ಒಂದು ಭಾಗವನ್ನು ಎಲ್ಲರೂ ಸರದಿಯಂತೆ ಗಟ್ಟಿಯಾಗಿ ಓದುವುದು, ಅತ್ತೆಯವರೂ ಸೇರಿ. ಪುಸ್ತಕ ಮುಚ್ಚಿ, ಚಿಕ್ಕವನು ಮೊದಲು ತನ್ನ ಮಾತಿನಲ್ಲಿ ಅದನ್ನು ಹೇಳುವುದು. ನಡುವೆ ಯಾರೂ ಬಾಯಿ ಹಾಕಕೂಡದು. ಅವನು ಬಿಟ್ಟದ್ದನ್ನು ಅಕ್ಕ ಕೊನೆಯಲ್ಲಿ ತುಂಬುವುದು. ಪ್ರಾರ್ಥನೆ ಮುಗಿದು ಉಪಾಹಾರವಾದ ಮೇಲೆ, ಹೇಳಿದ್ದನ್ನೇ ಅರ್ಧ ಪುಟ ಬರೆಯುವುದು. ಮೊದಲ ಆರು ತಿಂಗಳು ಮಗನ ಬಾಯಿಂದ ಎರಡು ವಾಕ್ಯಕ್ಕಿಂತ ಹೆಚ್ಚು ಬರಲಿಲ್ಲ. ಆಮೇಲೆ ಯೋಸೇಫನ ಕಥೆ ಬಂದಿತು, ಅವನು ಹನ್ನೊಂದು ನಿಮಿಷ ಹೇಳಿದ. ಗಡಿಯಾರ ನೋಡಿಕೊಂಡೇ ಕೇಳಿದ್ದೆ. ಅವನನ್ನು ಕೂರಿಸಲು ನಾನು ಬಳಸಿದ ಸಣ್ಣ ಉಪಾಯವೊಂದಿದೆ, ಅದು ಈಗಲೂ ಕೆಲಸ ಮಾಡುತ್ತಿರುವುದರಿಂದ ಇಲ್ಲಿ ಬರೆಯಲಾರೆ. ಅವನೂ ಇದನ್ನು ಓದುತ್ತಾನೆ.

ಒಂದು ಅಡ್ಡ ಪರಿಣಾಮ ನಿರೀಕ್ಷಿಸಿರಲಿಲ್ಲ. ಸತ್ಯವೇದದ ಕನ್ನಡ ಹಳೆಯ ಗಂಭೀರ ಕನ್ನಡವಾದ್ದರಿಂದ ಮಗ ಹಾಗೆಯೇ ಮಾತನಾಡತೊಡಗಿದ. ಒಂದು ಬೆಳಿಗ್ಗೆ ಹಾಲಿನವರಿಗೆ ಬಾಗಿಲು ತೆರೆದು "ನಿನಗೆ ಸಮಾಧಾನವಾಗಲಿ" ಎಂದ. ಅವರು ಗಾಬರಿಯಾಗಿ "ಯಾಕಪಾ, ನಾ ಏನ್ ಸಿಟ್ಟಾಗೇನೇನು?" ಎಂದರು. ಅಂದಿನಿಂದ ದಿನಪತ್ರಿಕೆಯ ಒಂದು ಸುದ್ದಿ ಮತ್ತು ವಾರಕ್ಕೆರಡು ಬಸವಣ್ಣನವರ ವಚನಗಳನ್ನು ಸೇರಿಸಿದೆ. ಅವನ್ನು ಆಯ್ದು ಕೊಟ್ಟವರು ಮಾವನವರೇ. ಪಾಠವನ್ನು ಒಪ್ಪದಿದ್ದರೂ ಕನ್ನಡ ಕೆಡುವುದನ್ನು ಅವರು ಸಹಿಸುತ್ತಿರಲಿಲ್ಲ. ಅರ್ಥ ತಿಳಿಯದ ಪದಕ್ಕೆ ಅವರ ಕಪಾಟಿನಲ್ಲಿದ್ದ ಕಿಟ್ಟೆಲ್ ನಿಘಂಟಿನ ಮರುಮುದ್ರಣವನ್ನು ತೆಗೆಯಬೇಕಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟು ಅರ್ಥ ಹೇಳುವುದು ಇಂಗ್ಲಿಷಿನಲ್ಲಿ. ಹೀಗೆ ಕನ್ನಡದ ಪದ ಹುಡುಕಲು ಹೋದ ಮಕ್ಕಳಿಗೆ ಇಂಗ್ಲಿಷ್ ತಾನಾಗಿ ಕಣ್ಣಿಗೆ ಬಿತ್ತು. ಮಗಳಿಗೆ ಹತ್ತು ತುಂಬಿದ ಮೇಲೆ, ಇಂದು ಕನ್ನಡದಲ್ಲಿ ಓದಿದ ಭಾಗವನ್ನೇ ಮರುದಿನ ಇಂಗ್ಲಿಷಿನಲ್ಲಿ ಓದಿಸಿದೆ. ವಿಷಯ ಮೊದಲೇ ಗೊತ್ತಿರುವುದರಿಂದ ಭಾಷೆಯ ಭಯ ಅರ್ಧ ಇಳಿಯುತ್ತದೆ. ಇಂಗ್ಲಿಷಿಗೆಂದು ನಾನು ಬೇರೆ ಖರ್ಚು ಮಾಡಿದ್ದು ಒಂದು ವ್ಯಾಕರಣ ಪುಸ್ತಕಕ್ಕೆ ಮಾತ್ರ.

119ನೆಯ ಕೀರ್ತನೆಯೂ ಕೊನೆಗೆ ಅವಳಿಗೆ ದಕ್ಕಿತು. ಅದು ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳ ಕ್ರಮದಲ್ಲಿ, ಅಕ್ಷರಕ್ಕೆ ಎಂಟು ವಚನಗಳಂತೆ ಕಟ್ಟಿದ್ದು ಎಂದು ತಿಳಿದಾಗ, ಹನ್ನೆರಡು ವರ್ಷದ ಹುಡುಗಿ ಕನ್ನಡ ವರ್ಣಮಾಲೆಯಲ್ಲಿ ತಾನೊಂದು ಸ್ತುತಿ ಬರೆಯಲು ಹೊರಟಳು. "ಋ"ಗೆ ಋಣ ಸಿಕ್ಕಿತು. "ಙ" ಬಂದಾಗ ಮೂರು ವಾರ ನಿಂತಿತು. ಈಗಲೂ ಅಲ್ಲೇ ನಿಂತಿದೆ.

ಮಾವನವರು ಮೊದಲ ಬಾರಿಗೆ ಬೆಳಗಿನ ಪಾಠದೊಳಗೆ ಬಂದದ್ದು ನೋಹನ ನಾವೆಯ ದಿನ. ನಾವೆಯ ಉದ್ದ 300 ಮೊಳ, ಅಗಲ 50, ಎತ್ತರ 30 ಎಂದು ಓದಿದಾಗ ಮಗ ಮೊಳವೆಂದರೆ ಎಷ್ಟು ಎಂದು ಕೇಳಿದ. ಅವನ ಮೊಳ ಅಳೆದರೆ 36 ಸೆಂಟಿಮೀಟರ್, ಅವನ ಅಜ್ಜನದು 46. ಹಾಗಾದರೆ ನಾವೆ 108 ಮೀಟರೋ 138 ಮೀಟರೋ ಎಂಬ ವಾದ ಹುಟ್ಟಿತು. ಅಜ್ಜ ಮೊಮ್ಮಗ ಇಬ್ಬರೂ ಹಗ್ಗ ಹಿಡಿದು ಬೀದಿಗಿಳಿದು ಎರಡೂ ನಾವೆಗಳನ್ನು ಸುಣ್ಣದ ಗೆರೆಯಲ್ಲಿ ಗುರುತಿಸಿದರು. ದೊಡ್ಡ ನಾವೆ ಕಿರಾಣಿ ಅಂಗಡಿ ದಾಟಿ ಹೋಯಿತು. ಅದೇ ಸಂಜೆ ಮಾರುಕಟ್ಟೆಯಲ್ಲಿ ಹೂವಿನವಳ ಮೊಳವನ್ನು ಅಳೆಯಬೇಕೆಂದು ಮಗ ಹಠ ಹಿಡಿದ. ಅವಳು ಬೆರಳು ಮಡಚಿ ಅಳೆಯುವುದನ್ನು ಅವನು ಕಂಡುಹಿಡಿದ ಮೇಲೆ ನಾವು ಬೇರೆ ಅಂಗಡಿಯಲ್ಲಿ ಮಲ್ಲಿಗೆ ಕೊಳ್ಳಬೇಕಾಗಿ ಬಂದಿದೆ. ಅನುಪಾತ, ಪ್ರಮಾಣ ಎರಡನ್ನೂ ನಾನು ಮತ್ತೆ ಕಲಿಸಲಿಲ್ಲ.

ಯೇಸು ಹೇಳಿದ ಬಿತ್ತುವವನ ಸಾಮ್ಯ (ಒಳ್ಳೆಯ ನೆಲಕ್ಕೆ ಬಿದ್ದ ಬೀಜ ನೂರರಷ್ಟು ಫಲ ಕೊಡುವ ಕಥೆ) ಓದಿದ ವರ್ಷ ಹಿತ್ತಲಿನಲ್ಲಿ ಇಪ್ಪತ್ತು ಹಿಂಗಾರಿ ಜೋಳದ ಕಾಳು ಊರಿದೆವು. ಎಂಟನ್ನು ಗುಬ್ಬಿ, ಅಳಿಲುಗಳು ತಿಂದವು. ಸಾಮ್ಯದಲ್ಲಿಯೂ ಹಕ್ಕಿಗಳಿರುವುದರಿಂದ ಮಕ್ಕಳು ಸಂತೋಷಪಟ್ಟರು. ಉಳಿದವುಗಳಲ್ಲಿ ಒಂದು ತೆನೆಯ ಕಾಳುಗಳನ್ನು ಮಗಳು ತಟ್ಟೆಯಲ್ಲಿ ಹತ್ತು ಹತ್ತರ ಗುಂಪು ಮಾಡಿ ಎಣಿಸಿದಳು. ನೆನಪಿರುವಂತೆ ಸಾವಿರದ ನಾನೂರರ ಮೇಲೆ. "ಯೇಸುಸ್ವಾಮಿ ನೂರರಷ್ಟು ಅಂತ ಅಷ್ಟ ಯಾಕ ಹೇಳಿದ?" ಎಂದು ಕೇಳಿದಾಗ ನನಗೆ ಬಾಯಿ ಕಟ್ಟಿತು. ಜಗಲಿಯಿಂದ ಮಾವನವರು ಪತ್ರಿಕೆ ಇಳಿಸದೆಯೇ ಉತ್ತರಿಸಿದರು: "ಅಂವ ಜೋಳದ ಸೀಮಿಯವ ಅಲ್ಲವಾ. ಅಲ್ಲಿ ಗೋದಿ, ಜವೆಗೋದಿ. ಗೋದಿ ತೆನಿ ಎಣಿಸಿ ನೋಡು."

ಗಣಿತ ಮಾತ್ರ ಈ ಕ್ರಮಕ್ಕೆ ಪೂರ್ತಿ ಒಗ್ಗಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಆದಾಯದ ಹತ್ತರಲ್ಲೊಂದು ಪಾಲನ್ನು ದೇವರಿಗೆ ಕೊಡುವ ದಶಮಾಂಶ ಕಾಣಿಕೆಯಿಂದ ಶೇಕಡಾ ಲೆಕ್ಕ ಬಂದಿತು, ಬೆಳೆಹಬ್ಬದ ಲಿಲಾವಿನಲ್ಲಿ ನಲವತ್ತು ರೂಪಾಯಿಯ ಕುಂಬಳಕಾಯಿ ಎಂಟುನೂರಕ್ಕೆ ಹೋದದ್ದರಿಂದ ಲಾಭದ ಲೆಕ್ಕ ಬಂದಿತು. ಬೀಜಗಣಿತಕ್ಕೆ ಅಂಥ ದಾರಿ ಸಿಗಲಿಲ್ಲ. ತಿಂಗಳಿಗೆ 600 ಕೊಟ್ಟು ಟ್ಯೂಷನ್‌ಗೆ ಕಳುಹಿಸಿದ್ದು ವ್ಯರ್ಥವಾಯಿತು. ಪರೀಕ್ಷೆಗೆ ಐದು ತಿಂಗಳಿರುವಾಗ ಮಾವನವರ ಮುಂದೆ ಪುಸ್ತಕವಿಟ್ಟು ಅವಳೇ ಕೇಳಿಕೊಂಡಳು. 54 ಬಂದದ್ದು ಅವರಿಂದ.

ಎನ್‌ಐಒಎಸ್, ಅಂದರೆ ಮಗಳು ಹತ್ತನೆಯ ತರಗತಿಯ ಪರೀಕ್ಷೆ ಬರೆದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಬಗ್ಗೆ ಒಂದೆರಡು ಮಾತು. ಕನ್ನಡ (ವಿಷಯ ಸಂಕೇತ 208) ಮತ್ತು ಗೃಹವಿಜ್ಞಾನವನ್ನು (216) ಹಗುರವೆಂದು ಯಾರಾದರೂ ಮೂಗು ಮುರಿದರೆ ಕಿವಿಗೊಡಬೇಡಿ. ಟಿಎಂಎಗೆ, ಅಂದರೆ ಮನೆಯಲ್ಲಿ ಬರೆದು ಅಧ್ಯಯನ ಕೇಂದ್ರಕ್ಕೆ ಕೊಡುವ ಉತ್ತರಗಳಿಗೆ, 20 ಅಂಕಗಳ ತೂಕವಿದೆ. ಅದನ್ನು ಅವಸರದಲ್ಲಿ ಬರೆಯಿಸಬೇಡಿ. ನಮ್ಮ ಅಧ್ಯಯನ ಕೇಂದ್ರದಲ್ಲಿ ಮಗಳ ಎರಡು ವಿಷಯಗಳ ಟಿಎಂಎಗಳು ಕಳೆದುಹೋದವು. ಜೆರಾಕ್ಸ್ ಇಟ್ಟುಕೊಳ್ಳದ ನಾನು ಎರಡು ರಾತ್ರಿ ಅವಳೊಂದಿಗೆ ಕುಳಿತು ಮತ್ತೆ ಬರೆಯಿಸಿದೆ. ವರ್ಷಗಟ್ಟಲೆ ಓದಿದ್ದನ್ನು ಬಾಯಿಂದ ಹೇಳಿ, ಆಮೇಲೆ ಬರೆದ ಕೈಯಾದ್ದರಿಂದ ಅವಳಿಗೆ ಅದು ಭಾರವೆನಿಸಲಿಲ್ಲ ಎಂದು ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತೇನೆ. ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ, ಓಡಾಟ ಸೇರಿ ಆರು ಸಾವಿರದೊಳಗೆ ಮುಗಿದಿರಬೇಕು. ಬಿಟ್ಟು ಬಂದ ಶಾಲೆಯಲ್ಲಿ ಒಂದು ಮಗುವಿನ ವರ್ಷದ ಖರ್ಚೇ 45,000ದಷ್ಟಿತ್ತು. ಆದರೂ ಒತ್ತೆಯಿಟ್ಟ ಬಳೆಯನ್ನು ಬಿಡಿಸಲು ನನಗೆ ಮೂರು ವರ್ಷ ಹಿಡಿಯಿತು.

ಪ್ರತಿದಿನವೂ ಹೀಗೆ ನಡೆಯಿತೆಂದು ಭಾವಿಸಬೇಡಿ. ಅತ್ತೆಯವರು ಹಾಸಿಗೆ ಹಿಡಿದ ನಾಲ್ಕು ತಿಂಗಳು ಓದು ಅವರ ಮಂಚದ ಬಳಿ ಸತ್ಯವೇದದ ಜ್ಞಾನೋಕ್ತಿಗಳ ಪುಸ್ತಕಕ್ಕೆ ಇಳಿಯಿತು. ಅದರಲ್ಲಿ 31 ಅಧ್ಯಾಯಗಳಿರುವುದರಿಂದ ತಾರೀಕು ನೋಡಿ ಆ ದಿನದ ಅಧ್ಯಾಯ ಓದಿದರೆ ಸಾಕಾಗುತ್ತಿತ್ತು. ನನಗೇ ಪ್ರಾರ್ಥಿಸಲು ಮನಸ್ಸಿಲ್ಲದ ಬೆಳಗುಗಳೂ ಇದ್ದವು. ಅಂಥ ದಿನ ಮಗ ಓದಿದ, ಮಗಳು ಪ್ರಾರ್ಥಿಸಿದಳು, ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೇಳಿದೆ.

ಮಗಳು ಈಗ ಪಿಯುಸಿ ಓದುತ್ತಿದ್ದಾಳೆ. ಬರುವ ವರ್ಷ ಮಗನಿಗೆ 14 ತುಂಬುತ್ತದೆ. ಶಾಲೆಗೇ ಹೋಗದವನಾದ್ದರಿಂದ ಎನ್‌ಐಒಎಸ್ ಪ್ರವೇಶಕ್ಕೆ ಅವನ ಓದಿನ ಬಗ್ಗೆ ಸ್ವಯಂ ಘೋಷಣೆಯ ಪತ್ರ ಬೇಕು. ಅದನ್ನು ಈಗಿನಿಂದಲೇ ಮಾವನವರು ಅವನಿಂದ ಬರೆಯಿಸುತ್ತಿದ್ದಾರೆ. ಅಕ್ಷರ ದುಂಡಗಿಲ್ಲವೆಂದು ಎರಡು ಬಾರಿ ಹರಿದು ಹಾಕಿದ್ದಾರೆ.