ಪಿಯುಸಿಗೆ ಯಾವ ಕಾಂಬಿನೇಷನ್? ಫಾರಂ ತುಂಬುವ ಮೊದಲು ಇಷ್ಟು ನೋಡಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ನಮ್ಮ ಕಾಲೇಜಿನ ಅಡ್ಮಿಷನ್ ಕೌಂಟರ್‌ನಲ್ಲಿ ನಾನೇ ಕೂರುವುದು. ‘ಸರ್, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ಕೊಟ್ಟುಬಿಡಿ’ ಅನ್ನುವವರೇ ಜಾಸ್ತಿ. ಯಾಕಪ್ಪಾ ಅಂದರೆ, ಅಪ್ಪನ ಮುಖ ನೋಡುತ್ತಾರೆ!

ಮೊದಲು ಮುಂದೇನು ಓದಬೇಕು ಅಂತ ಯೋಚಿಸಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಡಾಕ್ಟರ್ ಓದಿನ ಪ್ರವೇಶ ಪರೀಕ್ಷೆ ನೀಟ್ ಬರೆಯಲು ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸಾಕು, ಗಣಿತ ಬೇಕಿಲ್ಲ. ಎಂಜಿನಿಯರಿಂಗ್‌ಗೆ ಫಿಸಿಕ್ಸ್, ಗಣಿತ ಬೇಕೇ ಬೇಕು. ಅಲ್ಲಿ ಕಂಪ್ಯೂಟರ್ ಸೈನ್ಸ್ ಸೇರಲು ಪಿಯುಸಿಯಲ್ಲೂ ಅದನ್ನೇ ಓದಿರಬೇಕು ಅನ್ನುವುದು ಸುಳ್ಳು.

ಗಣಿತದ ಬಗ್ಗೆ ಅನುಮಾನ ಇದೆಯಾ? ಸೀನಿಯರ್ ಹತ್ತಿರ ಪ್ರಥಮ ಪಿಯು ಗಣಿತದ ಪುಸ್ತಕ ಇಸ್ಕೊಳ್ಳಿ. ಟ್ರಿಗನೊಮೆಟ್ರಿ ಪಾಠದ ಬಿಡಿಸಿದ ಲೆಕ್ಕವೊಂದನ್ನು ಓದಿ, ಪುಸ್ತಕ ಮುಚ್ಚಿ, ನೀವೇ ಬಿಡಿಸಿ. ತಪ್ಪಾದರೆ ಚಿಂತೆಯಿಲ್ಲ. ಮತ್ತೆ ತೆರೆದು ನೋಡುವ ಮನಸ್ಸು ಬಂತಾ, ಅದು ಮುಖ್ಯ.

ಸಿಎ ಆಸೆ ಇದ್ದರೆ ಕಾಮರ್ಸ್‌ನಲ್ಲಿ ಸುಮ್ನೆ ಸುಲಭದ್ದು ಹುಡುಕಬೇಡಿ. ಸಿಎ ಓದಿನ ಮೊದಲ ಪರೀಕ್ಷೆ ಫೌಂಡೇಶನ್‌ನಲ್ಲಿ ಬಿಸಿನೆಸ್ ಗಣಿತ, ಸ್ಟ್ಯಾಟಿಸ್ಟಿಕ್ಸ್ ಎರಡೂ ಇವೆ. ಹಾಗಾಗಿ ಇತಿಹಾಸ ಇರುವ ಎಚ್‌ಇಬಿಎ ಕಾಂಬಿನೇಷನ್‌ಗಿಂತ ಸ್ಟ್ಯಾಟಿಸ್ಟಿಕ್ಸ್ ಇರುವ ಎಸ್‌ಇಬಿಎ ವಾಸಿ.

5 ವರ್ಷದ ಕಾನೂನು ಪದವಿಗೆ ಆರ್ಟ್ಸ್ ಓದಿದವರೂ ಸೇರಬಹುದು. ಮೆಷಿನ್ ಬಿಚ್ಚಿ ಜೋಡಿಸುವ ಹುಡುಗರಿಗೆ 3 ವರ್ಷದ ಡಿಪ್ಲೊಮಾ ಒಳ್ಳೆಯದು. ಆಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ನೇರ 2ನೇ ವರ್ಷದ ಎಂಜಿನಿಯರಿಂಗ್‌ಗೆ ಹೋಗಬಹುದು, ಅಲ್ವಾ?

ಫೀಸು ಕಟ್ಟುವ ಮೊದಲು ಲ್ಯಾಬ್ ಬಾಗಿಲು ತೆರೆಸಿ ನೋಡಿ. ಆ ಸಬ್ಜೆಕ್ಟಿಗೆ ಕಾಯಂ ಲೆಕ್ಚರರ್ ಇದ್ದಾರಾ ಅಂತ ಆಫೀಸಿನಲ್ಲಲ್ಲ, ದ್ವಿತೀಯ ಪಿಯು ಮಕ್ಕಳ ಹತ್ತಿರ ಕೇಳಿ.