ರಾತ್ರಿ ಹನ್ನೊಂದರ ಮಂಡಕ್ಕಿ ಡಬ್ಬಿ

ನಮ್ಮ ಮನೆಯ ಮಂಡಕ್ಕಿ ಡಬ್ಬಿಯ ಮುಚ್ಚಳ ಬಲು ಬಿಗಿ. ರಾತ್ರಿ ಹನ್ನೊಂದಕ್ಕೆ, ಮನೆಯವರೆಲ್ಲ ಮಲಗಿದ ಮೇಲೆ, ಅದನ್ನು ಸದ್ದಾಗದಂತೆ ತೆರೆಯುವುದಕ್ಕೆ ಅಭ್ಯಾಸ ಬೇಕು. ಒಂದು ಅಂಗೈಯಿಂದ ಮುಚ್ಚಳವನ್ನು ಒತ್ತಿ ಹಿಡಿದು, ಇನ್ನೊಂದು ಕೈಯ ಬೆರಳುಗಳಿಂದ ಅಂಚನ್ನು ಸುತ್ತಲೂ ಸ್ವಲ್ಪ ಸ್ವಲ್ಪವೇ ಎಬ್ಬಿಸಬೇಕು. 2022ರ ಬೇಸಿಗೆಯ ಹೊತ್ತಿಗೆ ನಾನು ಇದರಲ್ಲಿ ಪಳಗಿಬಿಟ್ಟಿದ್ದೆ. ತಮಾಷೆಯೆಂದರೆ, ನನ್ನ ಬದುಕಿನಲ್ಲೇ ಅತ್ಯಂತ ಕಟ್ಟುನಿಟ್ಟಾಗಿ ಡಯಟ್ ಮಾಡುತ್ತಿದ್ದ ದಿನಗಳೂ ಅವೇ.

ನಾನು ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿ. ಆಗ ವಯಸ್ಸು 44, ಎತ್ತರ 156 ಸೆಂಟಿಮೀಟರ್, ತೂಕ 78 ಕಿಲೋ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆಯಲ್ಲಿ 6.1 ಬಂದಿತ್ತು. ವೈದ್ಯರು, "ಇದು ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಆದರೆ ಹೊಸ್ತಿಲ ಮೇಲೆ ನಿಂತಿದ್ದೀರಿ ಮೇಡಂ. ಐದಾರು ಕಿಲೋ ಇಳಿಸಿ ನೋಡೋಣ" ಎಂದರು. ಐದಾರು ಕಿಲೋ ಎಂಬ ಅವರ ಮಾತು ನನ್ನ ಕಿವಿಗೆ ಇಪ್ಪತ್ತು ಕಿಲೋ ಎಂದು ಕೇಳಿಸಿತು. ಮೊದಲ ತಪ್ಪು ಅಲ್ಲೇ ಆಯಿತು.

ಸಹೋದ್ಯೋಗಿಯೊಬ್ಬರು ಮೊಬೈಲಿಗೆ ಒಂದು ಪಟ್ಟಿ ಕಳುಹಿಸಿದರು. ದಿನಕ್ಕೆ 1,200 ಕ್ಯಾಲೊರಿ. ಬೆಳಿಗ್ಗೆ ಬಿಸಿನೀರು, ನಿಂಬೆರಸ, ಒಂದು ಸೇಬು. ಮಧ್ಯಾಹ್ನ ಒಂದು ಚಪಾತಿ, ಒಂದಿಷ್ಟು ಸೌತೆಕಾಯಿ. ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ ಎಂಬ ಗಾದೆ ಬೇರೆ ಬೆನ್ನಿಗಿತ್ತು. ಮೂರನೆಯ ಪೀರಿಯಡ್ಡಿನಲ್ಲಿ ವರ್ಗಸಮೀಕರಣ ಬರೆಯುತ್ತ ನಿಂತಾಗ ಹೊಟ್ಟೆಯ ಗುರುಗುಟ್ಟುವಿಕೆ ಮೊದಲ ಬೆಂಚಿನ ಹುಡುಗಿಯರಿಗೆ ಕೇಳಿಸಿತೇನೋ ಎಂಬ ಅಂಜಿಕೆ. ಆದರೂ ಒಳಗೊಳಗೇ ಒಂದು ಹೆಮ್ಮೆ: ತಡೆದುಕೊಳ್ಳುತ್ತಿದ್ದೇನೆ! ಆ ಗಾದೆ ಕಟ್ಟಿದವರು ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟು, ಮಿರ್ಚಿ ಗಾಡಿಗಳ ಸಾಲನ್ನು ದಾಟಿ ಮನೆಗೆ ಹೋಗಬೇಕಾದವರಲ್ಲ ಎಂದು ಈಗ ಅನ್ನಿಸುತ್ತದೆ.

ನಾಲ್ಕು ತಿಂಗಳಲ್ಲಿ ಮೂರು ಕಿಲೋ ಇಳಿದೆ, ನಾಲ್ಕು ಕಿಲೋ ಏರಿದೆ. ತಿನ್ನುತ್ತಿರುವುದು 1,200, ಏರುತ್ತಿರುವುದು ತೂಕ. ಗಣಿತದವಳಾದ ನನಗೆ ಈ ಲೆಕ್ಕ ಸಹಿಸಲಾಗಲಿಲ್ಲ. ನೂರು ಪುಟದ ಒಂದು ನೋಟ್‌ಬುಕ್ ತಂದು, ತಿಂದದ್ದನ್ನೆಲ್ಲ ಬರೆಯತೊಡಗಿದೆ.

ಎರಡು ವಾರದ ನಂತರ ಓದಿ ನೋಡಿದರೆ ಅದೊಂದು ಪುಣ್ಯವಂತೆಯ ಚರಿತ್ರೆ. ಸೇಬು, ಚಪಾತಿ, ಮಜ್ಜಿಗೆ, ಮತ್ತೆ ಸೇಬು. ರಾತ್ರಿಯ ಡಬ್ಬಿ ಎಲ್ಲೂ ಇಲ್ಲ. ಮಗಳ ತಟ್ಟೆಯಲ್ಲಿ ಉಳಿದ ಅರ್ಧ ರೊಟ್ಟಿ ಇಲ್ಲ. ಪಾತ್ರೆ ತೊಳೆಯುವ ಮುನ್ನ ತಳದಿಂದ ಬಳಿದು ತಿಂದ ಅನ್ನ ಇಲ್ಲ. ಉಪ್ಪು ನೋಡುವ ನೆಪದಲ್ಲಿ ಹೊಟ್ಟೆ ಸೇರಿದ ಪಲ್ಯವೂ ಇಲ್ಲ. ಬೇಕೆಂದೇ ಮುಚ್ಚಿಟ್ಟದ್ದಲ್ಲ, ನಿಂತುಕೊಂಡು ತಿಂದದ್ದು ನನ್ನ ಮನಸ್ಸಿನಲ್ಲಿ ಊಟವೆಂದು ದಾಖಲಾಗುತ್ತಲೇ ಇರಲಿಲ್ಲ. ಆಮೇಲೆ ಓದಿದೆ: 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದ ಕೆಲವರು ನಿಜವಾಗಿ ಎಷ್ಟು ತಿನ್ನುತ್ತಾರೆಂದು ಅಳೆದಿದ್ದರು. ಅವರು ಬರೆದು ಕೊಟ್ಟಿದ್ದು ನಿಜಕ್ಕಿಂತ ಶೇ. 47ರಷ್ಟು ಕಡಿಮೆ ಇತ್ತು. ಮಾಡಿದ ವ್ಯಾಯಾಮವನ್ನು ಮಾತ್ರ ಶೇ. 51ರಷ್ಟು ಹೆಚ್ಚಾಗಿ ಹೇಳಿಕೊಂಡಿದ್ದರು. ಅವರ ದೇಹದ ಎಂಜಿನ್ನಿನಲ್ಲಿ ಯಾವ ದೋಷವೂ ಇರಲಿಲ್ಲ. ಓದಿ ನಗು ಬಂತು, ಸ್ವಲ್ಪ ಸಮಾಧಾನವೂ ಆಯಿತು. ಸುಳ್ಳಿ ನಾನೊಬ್ಬಳೇ ಅಲ್ಲ.

ಹಾಗಾಗಿ ಪುಸ್ತಕದ ವಿಧಾನ ಬದಲಿಸಿದೆ. ಎಷ್ಟು ತಿಂದೆ ಎಂಬುದನ್ನು ಬಿಟ್ಟೆ. ಮಿತಿಮೀರಿ ತಿಂದ ದಿನ ಮಾತ್ರ ಬರೆಯುವುದು, ಅದೂ ಮೂರೇ ಅಂಕಣ: ಎಷ್ಟು ಗಂಟೆಗೆ ತಿಂದೆ, ಅದಕ್ಕೆ ಮೊದಲು ತಿಂದು ಎಷ್ಟು ಗಂಟೆಯಾಗಿತ್ತು, ಆಗ ಮನಸ್ಸಿನಲ್ಲಿ ಏನಿತ್ತು. ಮೂರು ವಾರದಲ್ಲಿ ಹನ್ನೊಂದು ನಮೂದುಗಳಾದವು. ಒಂಬತ್ತರಲ್ಲಿ ಎರಡನೆಯ ಅಂಕಣ ಐದು ಗಂಟೆಗಿಂತ ಹೆಚ್ಚು. ಡಬ್ಬಿಯ ಬಳಿ ಹೋಗಿದ್ದು ಪಟ್ಟಿಯನ್ನು ಅಕ್ಷರಶಃ ಪಾಲಿಸಿದ ದಿನಗಳಲ್ಲೇ. ಸೋಮವಾರದ ಉಪವಾಸದ ಕಥೆಯನ್ನಂತೂ ಕೇಳುವುದೇ ಬೇಡ. ಹಗಲೆಲ್ಲ ಶಿವಧ್ಯಾನ, ಸಂಜೆ ಸಬ್ಬಕ್ಕಿ ವಡೆ. ನಮ್ಮ ಮನೆಯಲ್ಲಿ ಹೆಚ್ಚು ಎಣ್ಣೆ ಖರ್ಚಾಗುತ್ತಿದ್ದುದೇ ಉಪವಾಸದ ದಿನ.

ಅಂದರೆ ರಾತ್ರಿಯ ದುರಾಸೆಗೆ ಕಾರಣ ಹಗಲಿನ ಸಂಯಮ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ಮನಸ್ಸು ಗಟ್ಟಿಯಿಲ್ಲ ಎಂದು ನನ್ನನ್ನು ನಾನೇ ಬೈದುಕೊಳ್ಳುವುದು ಅದಕ್ಕಿಂತ ಸುಲಭವಾಗಿತ್ತು.

ಒಪ್ಪಿಸಿದ್ದು ಒಂದು ಹಳೆಯ ಪ್ರಯೋಗ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಯುರೋಪಿನಲ್ಲಿ ಹಸಿದವರಿಗೆ ಮತ್ತೆ ಹೇಗೆ ಉಣಿಸಬೇಕೆಂದು ತಿಳಿಯಲು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಇದನ್ನು ನಡೆಸಿದರು. ಬಂದೂಕು ಹಿಡಿಯಲು ಒಪ್ಪದ 36 ಆರೋಗ್ಯವಂತ ಯುವಕರು ತಾವಾಗಿಯೇ ಮುಂದೆ ಬಂದರು. 1945ರಲ್ಲಿ ಆರು ತಿಂಗಳು ಅವರಿಗೆ ದಿನಕ್ಕೆ ಸುಮಾರು 1,570 ಕ್ಯಾಲೊರಿ ಆಹಾರ, ಜೊತೆಗೆ ವಾರಕ್ಕೆ ಸುಮಾರು 35 ಕಿಲೋಮೀಟರ್ ನಡಿಗೆ. ತೂಕ ಕಾಲುಭಾಗದಷ್ಟು ಇಳಿಯಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ತೂಕದ ಅಂಕಿಯಲ್ಲ. ಆ ಹುಡುಗರಿಗೆ ಬೇರೆ ಯಾವುದರಲ್ಲೂ ಆಸಕ್ತಿ ಉಳಿಯಲಿಲ್ಲ. ಅಡುಗೆ ಪುಸ್ತಕಗಳನ್ನು ಕೂಡಿಹಾಕಿ ಓದುತ್ತಿದ್ದರು, ಊಟದ ಕನಸು ಕಾಣುತ್ತಿದ್ದರು, ತಟ್ಟೆ ನೆಕ್ಕುತ್ತಿದ್ದರು. ಪ್ರಯೋಗ ಮುಗಿದು ಬೇಕಾದಷ್ಟು ಊಟ ಸಿಕ್ಕ ಮೇಲೂ ಕೆಲವರಿಗೆ ಹೊಟ್ಟೆ ಬಿರಿಯುವಷ್ಟು ಉಂಡರೂ ಹಸಿವು ಹೋಗಿರಲಿಲ್ಲ.

ನಾನು ಆ ಬೇಸಿಗೆಯಲ್ಲಿ ಹಾಸಿಗೆಯ ಮೇಲೆ ಮಲಗಿ, ಮೊಬೈಲಿನ ಬೆಳಕು ತಗ್ಗಿಸಿಕೊಂಡು, ಬೇರೆಯವರು ಹೋಳಿಗೆ ತಟ್ಟುವ ವಿಡಿಯೊ ನೋಡುತ್ತಿದ್ದೆ. ಒಂದಾದ ಮೇಲೊಂದು, ಮುಕ್ಕಾಲು ಗಂಟೆ. ಮದುವೆಯಾಗಿ ಇಪ್ಪತ್ತು ವರ್ಷ ಹೋಳಿಗೆ ತಟ್ಟಿದವಳಿಗೆ ಅದರಲ್ಲಿ ಕಲಿಯಲು ಏನಿತ್ತು? ಆ ಪ್ರಯೋಗದಲ್ಲಿದ್ದವರು ಗಂಡಸರು, ಹೆಚ್ಚು ಶ್ರಮ ಪಡುತ್ತಿದ್ದವರು, ನನ್ನನ್ನು ಅವರಿಗೆ ನೇರವಾಗಿ ಹೋಲಿಸುವಂತಿಲ್ಲ, ನಿಜ. ಆದರೂ ವಿಜ್ಞಾನಿಗಳು ಅರೆಹೊಟ್ಟೆ ಎಂದು ಕರೆದದ್ದಕ್ಕಿಂತ ಕಡಿಮೆಯದನ್ನು ನಾನು ಆರೋಗ್ಯದ ಪಟ್ಟಿ ಎಂದುಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಅದನ್ನು ಅಂದೇ ಕಿತ್ತುಹಾಕಿದೆ.

ಎರಡನೆಯ ಕಾರಣ ನನ್ನ ಮೂರನೆಯ ಅಂಕಣದಲ್ಲಿತ್ತು. ಅಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತಿತ್ತು: "ಹೇಗೂ ಕೆಟ್ಟಿತು." ಸ್ಟಾಫ್ ರೂಮಿನಲ್ಲಿ ಯಾರದೋ ಹುಟ್ಟುಹಬ್ಬ, ಒಂದು ತುಂಡು ಮೈಸೂರು ಪಾಕ್ ತಿಂದೆ. ಅಲ್ಲಿಗೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಡಯಟ್ ಮುರಿಯಿತಲ್ಲ, ಮುಳುಗಿದವನಿಗೆ ಚಳಿಯೇನು, ನಾಳೆಯಿಂದ ಸರಿಯಾಗಿ ಮಾಡಿದರಾಯಿತು ಎಂದು ಸಂಜೆ ಮಿರ್ಚಿ, ರಾತ್ರಿ ಎರಡು ಸಲ ಅನ್ನ. 1975ರಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಸಾಮಾನ್ಯವಾಗಿ ಜನ ಮೊದಲೇ ಮಿಲ್ಕ್‌ಶೇಕ್ ಕುಡಿದಿದ್ದರೆ ಆಮೇಲೆ ಕೊಟ್ಟ ಐಸ್‌ಕ್ರೀಮನ್ನು ಕಡಿಮೆ ತಿಂದರು. ಊಟದ ಮೇಲೆ ಸದಾ ಲಗಾಮು ಹಾಕಿಕೊಂಡಿರುವವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆ ಇನ್ನೂ ಹೆಚ್ಚು ತಿಂದರು. ಲಗಾಮು ಬಿಗಿಯಿದ್ದಷ್ಟೂ ತುಂಡಾದಾಗ ಕುದುರೆ ದೂರ ಓಡುತ್ತದೆ.

ಮೂರನೆಯದು ನಡಿಗೆಯ ಲಂಚ. ಭಾನುವಾರ ಬೆಳಿಗ್ಗೆ ಕುಂದವಾಡ ಕೆರೆಯ ಏರಿಯ ಮೇಲೆ ಒಂದು ಗಂಟೆ ನಡೆದು, ಗಾಜಿನ ಮನೆಯ ಕಡೆ ಒಂದು ನೋಟ ಹಾಯಿಸಿ, ನೇರವಾಗಿ ಬೆಣ್ಣೆ ದೋಸೆಗೆ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನನ್ನ ತೂಕದವರು ಸಾಧಾರಣ ವೇಗದಲ್ಲಿ ಒಂದು ಗಂಟೆ ನಡೆದರೆ ಖರ್ಚಾಗುವುದು ಸುಮಾರು 250 ಕ್ಯಾಲೊರಿ. ಬೆಣ್ಣೆಯಲ್ಲಿ ನೂರು ಗ್ರಾಮಿಗೆ 700ಕ್ಕೂ ಹೆಚ್ಚು. ಹೆಂಚಿನ ಮೇಲಿನದು, ದೋಸೆಯ ಮೇಲಿನ ಮುದ್ದೆ, ಎಲ್ಲ ಸೇರಿ ಎರಡು ದೋಸೆಗೆ 40 ಗ್ರಾಂ ಎಂದು ಹಿಡಿದರೂ ಬೆಣ್ಣೆಯೊಂದೇ 280 ದಾಟಿತು. ದೋಸೆ, ಪಲ್ಯ, ಚಟ್ನಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಇನ್ನು ನಾನು ಮಾಡಿದ್ದೇನು ಎಂಬ ವಿಷಯ. ಮೊದಲ ಕೆಲಸ, ಹೆಚ್ಚು ತಿನ್ನಲು ಶುರುಮಾಡಿದ್ದು. ಬೆಳಿಗ್ಗೆ ಎಂಟೂಕಾಲಿಗೆ ಎರಡು ಜೋಳದ ರೊಟ್ಟಿ, ದೊಡ್ಡ ಬಟ್ಟಲಿನ ತುಂಬ ಹೆಸರುಕಾಳು ಅಥವಾ ಅಲಸಂದೆಕಾಳಿನ ಪಲ್ಯ, ಒಂದು ಲೋಟ ಮಜ್ಜಿಗೆ. ಮಧ್ಯಾಹ್ನ ಡಬ್ಬಿಯಲ್ಲಿ ಒಂದು ರೊಟ್ಟಿ, ಸೊಪ್ಪು, ಒಂದು ಹಿಡಿ ಅನ್ನ, ಮೊಸರು. ಮೊದಲ ವಾರ ಭಯವಾಗಿತ್ತು, ಇಷ್ಟೊಂದು ತಿಂದು ಇಳಿಯುವುದುಂಟೇ ಎಂದು. ಎರಡನೆಯ ವಾರ ರಾತ್ರಿ ಡಬ್ಬಿಯ ನೆನಪು ನಾಲ್ಕು ದಿನ ಬರಲೇ ಇಲ್ಲ.

ಆದರೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ನಾಲ್ಕೂವರೆಯ ಪೊಟ್ಟಣ. ಶಾಲೆಯ ಗಂಟೆ ಹೊಡೆದ ತಕ್ಷಣ, ಗೇಟು ದಾಟುವ ಮುನ್ನ, ಸ್ಟಾಫ್ ರೂಮಿನಲ್ಲೇ ಕುಳಿತು ಒಂದು ಹಿಡಿ ಹುರಿಗಡಲೆ, ನಾಲ್ಕಾರು ಶೇಂಗಾ, ಒಂದು ಪೇರಲೆ ಹಣ್ಣು. ಹತ್ತು ನಿಮಿಷ. ಆಮೇಲೆ ನಡೆದು ಹೋದರೆ ಎಣ್ಣೆಯಲ್ಲಿ ಮಿರ್ಚಿ ಬೇಯುವ ವಾಸನೆ ಬರುತ್ತದೆ, ಚೆನ್ನಾಗಿಯೂ ಇರುತ್ತದೆ, ಆದರೆ ಕಾಲು ತಾನಾಗಿ ಗಾಡಿಯ ಕಡೆ ತಿರುಗುವುದಿಲ್ಲ. ಹಸಿದು ಆ ದಾರಿಯಲ್ಲಿ ಹೋಗಿ ತಡೆದುಕೊಂಡ ದಿನ ಒಂದೂ ನನಗೆ ನೆನಪಿಲ್ಲ. ಮಂಡಕ್ಕಿಯ ಮೋಸವೂ ಅಲ್ಲೇ ಇದೆ. ತಟ್ಟೆ ತುಂಬ ಕಾಣುತ್ತದೆ, ಬಾಯಿಗೆ ಹಾಕಿದರೆ ಗಾಳಿ. ಹೊಟ್ಟೆಗೆ ತಿಂದ ಲೆಕ್ಕವೇ ಸಿಗುವುದಿಲ್ಲ, ಎಣ್ಣೆ ಮತ್ತು ಮಿರ್ಚಿ ಮಾತ್ರ ಸದ್ದಿಲ್ಲದೆ ಒಳಗೆ ಸೇರುತ್ತವೆ.

ಬೆಣ್ಣೆ ದೋಸೆಯನ್ನು ಬಿಡಲಿಲ್ಲ. ನಡಿಗೆಯಿಂದ ಅದನ್ನು ಬಿಡಿಸಿದೆ, ಅಷ್ಟೇ. ಹದಿನೈದು ದಿನಕ್ಕೊಮ್ಮೆ, ನಡೆಯದ ದಿನ, ಯಜಮಾನರ ಜೊತೆ ಕುಳಿತು, ಒಂದು ಪ್ಲೇಟು. ಅದು ತಪ್ಪೂ ಅಲ್ಲ, ಬಹುಮಾನವೂ ಅಲ್ಲವಾದ್ದರಿಂದ ಅದರ ಹಿಂದೆ "ಹೇಗೂ ಕೆಟ್ಟಿತು" ಬರುವುದಿಲ್ಲ.

ಕಷ್ಟವಾದದ್ದು ಅಡುಗೆಮನೆ. ನಮ್ಮ ಅತ್ತೆಗೆ ಅನ್ನ ಚೆಲ್ಲುವುದೆಂದರೆ ಪಾಪ. "ಒಂದು ಅಗುಳಿಗಾಗಿ ಎಷ್ಟು ಜನ ಬೆವರು ಸುರಿಸಿದ್ದಾರೆ ಗೊತ್ತೇನವ್ವಾ?" ಎನ್ನುತ್ತಾರೆ. ಭದ್ರಾ ನಾಲೆಯ ಕೆಳಗೆ ಗದ್ದೆ ಮಾಡಿದವರ ಮಗಳು ಅವರು, ಆ ಮಾತಿಗೆ ನನ್ನ ಬಳಿ ಎದುರುತ್ತರವಿಲ್ಲ. ಹಾಗಾಗಿ ಮಿಕ್ಕಿದ್ದೆಲ್ಲ ನನ್ನ ಹೊಟ್ಟೆಗೆ. ಚೆಲ್ಲುವುದು ಬೇಡ, ಮಿಗಿಸದಿದ್ದರೆ ಸಾಕಲ್ಲ ಎಂದು ಒಂದು ದಿನ ಅಕ್ಕಿ ಅಳೆಯುವಾಗ ಅರ್ಧ ಪಾವು ಕಡಿಮೆ ಹಾಕಿದೆ. ಯಾರಿಗೂ ಗೊತ್ತಾಗಲಿಲ್ಲ. ಇಷ್ಟು ವರ್ಷ ದಿನವೂ ಅರ್ಧ ಪಾವು ಅನ್ನವನ್ನು ನನಗಾಗಿಯೇ ಮಿಗಿಸುತ್ತ ಬಂದಿದ್ದೆನೆಂದು ಆಗ ತಿಳಿಯಿತು. ಎಣ್ಣೆಯದೂ ಅದೇ ಲೆಕ್ಕ. ನಾಲ್ವರ ಮನೆಗೆ ತಿಂಗಳಿಗೆ ಐದು ಲೀಟರ್ ಎಂದರೆ ತಲೆಗೆ ದಿನಕ್ಕೆ ಸುಮಾರು 38 ಗ್ರಾಂ. ಗ್ರಾಮಿಗೆ 9 ಕ್ಯಾಲೊರಿಯಂತೆ 340. ಕ್ಯಾನಿನಿಂದ ನೇರವಾಗಿ ಸುರಿಯುವುದನ್ನು ಬಿಟ್ಟು ಚಮಚದಿಂದ ಅಳೆಯತೊಡಗಿದ ಮೇಲೆ ಮೂರೂವರೆ ಲೀಟರಿಗೆ ಇಳಿಯಿತು. ರುಚಿಯ ಬಗ್ಗೆ ದೂರು ಬಂದಿದ್ದು ಬದನೆಕಾಯಿ ಎಣ್ಣೆಗಾಯಿ ಮಾಡಿದ ದಿನ ಮಾತ್ರ, ಮತ್ತು ಆ ದೂರು ನ್ಯಾಯವಾದದ್ದೇ.

ಹದಿನಾಲ್ಕು ತಿಂಗಳಲ್ಲಿ 79ರಿಂದ 70ಕ್ಕೆ ಬಂದೆ. ಒಂದೇ ಸಮನೆ ಇಳಿದದ್ದಲ್ಲ. ಹಬ್ಬದ ವಾರ ಮನೆ ತುಂಬ ನೆಂಟರು, ಮೂರು ದಿನ ಪುಸ್ತಕವನ್ನೇ ತೆರೆಯಲಿಲ್ಲ. ಮಗಳ ಪಿಯುಸಿ ಪರೀಕ್ಷೆಯ ಕಾಲದಲ್ಲಿ ಅವಳ ಜೊತೆ ನಾನೂ ಎಚ್ಚರವಿದ್ದು, ನಿದ್ದೆ ಕೆಟ್ಟು, ಎರಡು ಕಿಲೋ ಮರಳಿ ಬಂತು. ತೂಕ ಇಳಿಸಿದವರಲ್ಲಿ ಹಸಿವನ್ನು ಹೆಚ್ಚಿಸುವ ಹಾರ್ಮೋನುಗಳು ಒಂದು ವರ್ಷ ಕಳೆದರೂ ಮೊದಲಿನ ಮಟ್ಟಕ್ಕೆ ಬಂದಿರುವುದಿಲ್ಲ ಎಂದು 2011ರ ಒಂದು ಆಸ್ಟ್ರೇಲಿಯಾದ ಅಧ್ಯಯನ ತೋರಿಸಿದೆ. ಇದನ್ನು ಮೊದಲೇ ಓದಿದ್ದರಿಂದ ಆ ಎರಡು ಕಿಲೋಗೆ ನಾನು ಅಳಲಿಲ್ಲ. ಸಕ್ಕರೆಯ ಅಂಕಿ ಈಗ 5.7. ಹೊಸ್ತಿಲು ಇನ್ನೂ ದಾಟಿಲ್ಲ, ಆದರೆ ಈಗ ಮುಖ ಈ ಕಡೆಗಿದೆ. ಒಂದು ಮಾತು: ಸಕ್ಕರೆ ಕಾಯಿಲೆಗೆ ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಊಟದ ಸಮಯ ಬದಲಿಸುವ ಮುನ್ನ ವೈದ್ಯರನ್ನು ಕೇಳಿಯೇ ಬದಲಿಸಬೇಕು. ಹೊಟ್ಟೆ ಬಿರಿಯ ತಿಂದು ಆಮೇಲೆ ಬೇಕೆಂದೇ ವಾಂತಿ ಮಾಡಿಕೊಳ್ಳುವ ಮಟ್ಟಕ್ಕೆ ಹೋಗಿದ್ದರೆ ನೋಟ್‌ಬುಕ್ಕು ಸಾಲದು, ಅದಕ್ಕೂ ವೈದ್ಯರಿದ್ದಾರೆ.

ಕಳೆದ ಯುಗಾದಿಯಿಂದ ಅತ್ತೆಯೂ ಪುಸ್ತಕದಲ್ಲಿ ಒಂದು ಪುಟ ಕೇಳಿ ಪಡೆದಿದ್ದಾರೆ. ಮೊಣಕಾಲು ನೋವಿಗೆ ಅವರಿಗೂ ತೂಕ ಇಳಿಸಲು ಹೇಳಿದ್ದಾರೆ. ಅವರು ಹೇಳುತ್ತಾರೆ, ಮಗಳು ಬರೆದುಕೊಳ್ಳುತ್ತಾಳೆ. ಇದುವರೆಗೆ ಅವರ ಪುಟದಲ್ಲಿ ಮುದ್ದೆ ಇದೆ, ಸೊಪ್ಪಿನ ಸಾರಿದೆ, ಮಜ್ಜಿಗೆ ಇದೆ. ಯುಗಾದಿಯ ದಿನ ನಾನೇ ತುಪ್ಪ ಹಾಕಿ ಬಡಿಸಿದ ಮೂರು ಹೋಳಿಗೆಗಳಲ್ಲಿ ಒಂದೂ ಅದರಲ್ಲಿ ಕಾಣಿಸುವುದಿಲ್ಲ.