ಐನೂರು ವರ್ಷದ ಮನೆಗೆ ಸುಣ್ಣದ ಗಾರೆ: ನನ್ನ ಅನುಭವ

ಈ ಜನವರಿಯಲ್ಲಿ ಎರಡು ವಾರ ಬಿಡದೆ ಮಳೆ ಹೊಡೆಯಿತು. ನಿಂತ ಮೇಲೆ ಅಡುಗೆಮನೆಯ ಪಶ್ಚಿಮದ ಗೋಡೆಯ ಬುಡದ ತೊಲೆಗೆ ತೇವ ಅಳೆಯುವ ಮೀಟರ್ ಚುಚ್ಚಿ ನೋಡಿದೆ. ಶೇಕಡಾ 16 ತೋರಿಸಿತು. ನಾಲ್ಕು ವರ್ಷದ ಹಿಂದೆ ಅದೇ ಜಾಗದಲ್ಲಿ 30ರ ಹತ್ತಿರ ಇತ್ತು. 20 ದಾಟಿದರೆ ಮರ ಉಳಿಯುವುದು ಕಷ್ಟ ಅಂತ ಈ ಕೆಲಸ ಮಾಡುವವರಿಗೆ ಗೊತ್ತೇ ಇದೆ. ಸಿಮೆಂಟ್ ಕಿತ್ತು ಸುಣ್ಣದ ಗಾರೆ ಹಾಕಿ ಗೋಡೆ ಒಣಗಿಸೋದು ಆಗೋದೇ ಇಲ್ಲ ಅಂದವರು ಬಹಳ ಜನ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಮನೆ ಇರುವುದು ಇಂಗ್ಲೆಂಡಿನ ಸಫೋಕ್‌ನಲ್ಲಿ. ಹಳೇ ರೈತರ ಮನೆ, ಓಕ್ ಮರದ ಚೌಕಟ್ಟು, ನಡುವೆ ತಡಿಕೆಗೆ ಮಣ್ಣು ಮೆತ್ತಿದ ಗೋಡೆ. ಮಾರಿದವರು 17ನೇ ಶತಮಾನದ್ದು ಅಂದಿದ್ದರು. ಅಟ್ಟ ಹತ್ತಿ ಟಾರ್ಚ್ ಬಿಟ್ಟ ದಿನವೇ ನನಗೆ ಅನುಮಾನ ಬಂತು. ಮಧ್ಯದ ಎರಡು ಅಂಕಣದ ಜಂತೆಗಳಿಗೆ ಮಾತ್ರ ಕಪ್ಪು ಮಸಿ ಹಿಡಿದಿತ್ತು. ಮಲೆನಾಡಿನ ಅಟ್ಟ ನೋಡಿ ಬೆಳೆದವನಿಗೆ ಆ ಮಸಿಯ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ಚಿಮಣಿ ಇಲ್ಲದ ಕಾಲದಲ್ಲಿ ನಡುಮನೆಯ ನೆಲದ ಮೇಲೇ ಬೆಂಕಿ, ಹೊಗೆ ನೇರ ಸೂರಿಗೆ. ಅಂದರೆ ಮನೆ 1500ರ ಆಸುಪಾಸಿನದು.

ಆಮೇಲೆ 1600ರ ಹೊತ್ತಿಗೆ ಯಾರೋ ಇಟ್ಟಿಗೆ ಚಿಮಣಿ ಎಬ್ಬಿಸಿ, ತೆರೆದ ನಡುಮನೆಗೆ ಮಾಳಿಗೆ ಹಾಕಿದ್ದಾರೆ. ಚಿಮಣಿ ನಿಂತಿದ್ದು ಮುಂಬಾಗಿಲು ಹಿಂಬಾಗಿಲ ನಡುವಿನ ಹಳೇ ಓಣಿಯ ಮೇಲೇ. ಹಾಗಾಗಿ ಇವತ್ತಿಗೂ ಬಾಗಿಲು ತೆಗೆದರೆ ಎದುರಿಗೆ ಇಟ್ಟಿಗೆ ಗೋಡೆ. 18ನೇ ಶತಮಾನದಲ್ಲಿ ಮುಂದಿನ ಕಿಟಕಿಗಳೆಲ್ಲ ಸ್ಯಾಷ್, ಅಂದರೆ ಮೇಲೆ ಕೆಳಗೆ ಜಾರುವ ಕಿಟಕಿ ಆದವು. ಎರಡು ಕಿಟಕಿ ಮುಚ್ಚಿವೆ. ನೋಡಿದವರೆಲ್ಲ 'ಕಿಟಕಿ ತೆರಿಗೆ' ಅನ್ನುತ್ತಾರೆ. 1696ರಿಂದ 1851ರವರೆಗೆ ಕಿಟಕಿಗಳ ಲೆಕ್ಕದ ಮೇಲೆ ಆ ತೆರಿಗೆ ಇದ್ದದ್ದು ನಿಜ. ಆದರೆ ನಮ್ಮ ಮನೆಯಲ್ಲಿ ಮೆಟ್ಟಿಲು ಆ ಕಡೆಗೆ ಸರಿದಿದೆ, ಕಿಟಕಿ ಅಡ್ಡ ಬಂದಿದೆ, ಮುಚ್ಚಿದ್ದಾರೆ, ಅಷ್ಟೇ. ಎಲ್ಲದಕ್ಕೂ ತೆರಿಗೆಯ ಕಥೆ ಹೇಳಬಾರದು.

ಕೊನೆಗೆ 1960ರ ದಶಕದಲ್ಲಿ ಹೊರಗೋಡೆಗೆಲ್ಲ ಸಿಮೆಂಟ್ ಬಳಿದರು. ಒಳಗಿನ ತೇವ ಹೊರಗೆ ಹೋಗಲು ದಾರಿ ಇಲ್ಲದೆ, ಅಷ್ಟು ಶತಮಾನದ ಬದಲಾವಣೆ ತಡೆದುಕೊಂಡ ಮನೆ ಈ ಒಂದು ಪದರಕ್ಕೆ ಸೋತಿತ್ತು.

ಒಬ್ಬ ಕಂಟ್ರಾಕ್ಟರ್ ನೆಲದ ತೇವ ಮೇಲೇರದಂತೆ ಬುಡಕ್ಕೆ ರಾಸಾಯನಿಕ ಚುಚ್ಚಲು ಸುಮಾರು 9 ಸಾವಿರ ಪೌಂಡ್ ಕೇಳಿದ. ಚಕಮಕಿ ಕಲ್ಲಿನ ಪಾಯದ ಮೇಲೆ ಮರದ ತೊಲೆ ಕೂತಿದೆ, ಚುಚ್ಚೋದು ಯಾವುದಕ್ಕೆ? ಇನ್ನೊಬ್ಬ ಜಾಲರಿ ಹೊಡೆದು ಮತ್ತೆ ಸಿಮೆಂಟ್ ಮಾಡಲು 14 ಸಾವಿರ ಅಂದ. ಸುಣ್ಣ ಅಂದಾಗ ಇಬ್ಬರೂ ಆಗೋದಿಲ್ಲ ಅಂತ ತಲೆ ಆಡಿಸಿದರು. ಮನೆ ಸಂರಕ್ಷಿತ ಹಳೇ ಕಟ್ಟಡಗಳ ಗ್ರೇಡ್ ಟೂ ಪಟ್ಟಿಯಲ್ಲಿದೆ, ಸ್ಥಳೀಯ ಕೌನ್ಸಿಲ್‌ನ ಒಪ್ಪಿಗೆ ಇಲ್ಲದೆ ಮುಟ್ಟಿದರೆ ಅಪರಾಧ. ನಕ್ಷೆ ನಾನೇ ಬರೆದೆ, ಒಪ್ಪಿಗೆಗೆ ಮೂರು ತಿಂಗಳು ಹಿಡಿಯಿತು. ಖರ್ಚಿನ ಮೇಲೆ 20% ವ್ಯಾಟ್ ಬೇರೆ.

ಮೊದಲ ವರ್ಷ ಸೆಪ್ಟೆಂಬರ್ ಕೊನೆಗೆ ಶುರು ಮಾಡಿದ್ದೇ ತಪ್ಪು. ಸುಣ್ಣ ಗಟ್ಟಿಯಾಗುವ ಮೊದಲೇ ಹಿಮ ಬಿತ್ತು. ಮಾರ್ಚ್‌ನಲ್ಲಿ ಕರಣೆ ತಾಗಿಸಿದರೆ ಸಾಕು, ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದು ಬಂತು. 1,100 ಪೌಂಡ್ ಸಾಮಾನು, ಮೂರು ವಾರದ ರಜೆ, ಎರಡೂ ಹೋದವು. ಮುಂದಿನ ಮೇ ತಿಂಗಳಲ್ಲಿ ಉಲ್ಟಾ. ಬಿಸಿಲು, ಜೊತೆಗೆ ಒಣ ಗಾಳಿ. ಎರಡೇ ದಿನಕ್ಕೆ ಗೋಡೆ ಬತ್ತಿದ ಕೆರೆಯಂಗಳದ ಹಾಗೆ ಬಿರಿಯಿತು.

ಊರಿಗೆ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಅವರು ಗಾರೆ ಕೆಲಸದಲ್ಲೇ ಜೀವನ ಮಾಡಿದವರು. 'ಮೊದಲು ಗೋಡೆಗೆ ನೀರು ಕುಡಿಸಿದ್ಯೇನೋ? ಮೇಲೆ ಗೋಣಿ ಕಟ್ಟಿದ್ಯಾ?' ಅಂತ ಎರಡೇ ಪ್ರಶ್ನೆ. ಮುಂದಿನ ಸಲ ಹಿಂದಿನ ರಾತ್ರಿಯಿಂದಲೇ ಗೋಡೆಗೆ ನೀರು ಹೊಡೆದೆ. ಬಳಿದ ಮೇಲೆ ಒದ್ದೆ ಗೋಣಿ ಇಳಿಬಿಟ್ಟೆ, ವಾರಪೂರ್ತಿ ಒಣಗಲು ಬಿಡಲಿಲ್ಲ. ಒಂದೂ ಬಿರುಕು ಬರಲಿಲ್ಲ. ಬಿರಿಯದಂತೆ ಗಾರೆಗೆ ಸೇರಿಸುವ ಆಡಿನ ಕೂದಲನ್ನು ಮಾತ್ರ ಬಳಿಯುವ ದಿನವೇ ಕಲಸಿ. ಮುಂಚೆ ಕಲಸಿಟ್ಟರೆ ಹಸಿ ಸುಣ್ಣ ಅದನ್ನು ತಿಂದುಬಿಡುತ್ತದೆ.

ಸಿಮೆಂಟ್ ಕೀಳಿಸಿದ್ದು ಬರೀ ಉಳಿ ಸುತ್ತಿಗೆಯಲ್ಲಿ. ಯಂತ್ರ ಹಚ್ಚಿದರೆ ಮಣ್ಣು ಉದುರುತ್ತದೆ. ಒಂದು ಕಡೆ ಮೇಲಿನ ತೊಲೆಯ ಅಡಿಯಲ್ಲಿ ವಜ್ರಾಕಾರದ ಆರು ಕುಳಿ ಸಾಲಾಗಿ ಸಿಕ್ಕವು. ಗಾಜಿಲ್ಲದ ಕಾಲದ ಕಿಟಕಿಯ ಸರಳು ಕೂತಿದ್ದ ಜಾಗ. ಪಕ್ಕದ ಕಂಬದ ಮೇಲೆ ಬಡಗಿಯ ಲೆಕ್ಕದ ಗುರುತು. ನಾಲ್ಕು ಅನ್ನೋದಕ್ಕೆ ನಾಲ್ಕು ಗೀಟು, ಅಷ್ಟೇ. ಅದರ ಕೆಳಗಿನ ಮಣ್ಣಿನಲ್ಲಿ ನಾಲ್ಕು ಬೆರಳು ಎಳೆದ ಗೆರೆ ಹಾಗೇ ಇತ್ತು. ನನ್ನ ಬೆರಳು ಇಟ್ಟು ನೋಡಿದೆ, ಮಣ್ಣು ಮೆತ್ತಿದವನ ಕೈ ನನ್ನದಕ್ಕಿಂತ ಚಿಕ್ಕದು. ಆ ಭಾಗಕ್ಕೆ ನಾನು ಸುಣ್ಣ ಹಾಕಿಲ್ಲ, ಕಾಣುವ ಹಾಗೆ ಬಿಟ್ಟಿದ್ದೇನೆ.

ಉದುರಿದ ಮಣ್ಣನ್ನು ಎಸೆಯಬೇಡಿ. ನೆನೆಸಿದರೆ ಕೊಟ್ಟಿಗೆ ವಾಸನೆ ಬರುತ್ತದೆ. ಅವರೂ ಸಗಣಿ, ಹುಲ್ಲು ಸೇರಿಸಿಯೇ ತುಳಿದಿದ್ದಾರೆ. ಹೊಸ ಹುಲ್ಲು ಹಾಕಿ ತುಳಿದು ಅದನ್ನೇ ಮತ್ತೆ ಮೆತ್ತಿದೆ. ಖರ್ಚು ಸೊನ್ನೆ. ಬುಡದ ತೊಲೆ ಮೂರು ಮೀಟರ್ ಪೂರ್ತಿ ಹೋಗಿತ್ತು. ಅದಕ್ಕೆ ಹಸಿ ಓಕ್ ಜೋಡಿಸಿ ಕೊಟ್ಟ ಬಡಗಿ ಸುಮಾರು 2,400 ತೆಗೆದುಕೊಂಡ. ಆ ಜೋಡಣೆ ನೋಡಿದ ಮೇಲೆ ದುಡ್ಡು ಜಾಸ್ತಿ ಅನ್ನಿಸಲಿಲ್ಲ.

ನಡುವೆ ಹಂದಿಗೂಡಿನ ಹಾಳು ಗೋಡೆಯ ಮೇಲೆ ನಮ್ಮ ಕಡೆಯ ಗಾರೆಯ ಪಾಕ ಮಾಡಿ ನೋಡಿದೆ. ಬೆಂಗಳೂರಿನ ಗ್ರಂಥಿಗೆ ಅಂಗಡಿಯಿಂದ ತಂದ ಅಳಲೆಕಾಯಿ, ಬೆಲ್ಲ ಹಾಕಿ ಕೊಳೆಸಿದ ನೀರು. ಒಣಗಲು ದುಪ್ಪಟ್ಟು ದಿನ, ಮೇಲೆಲ್ಲ ಕಂದು ಕಲೆ. ಎರಡು ಚಳಿಗಾಲ ಕಳೆದರೂ ಉಗುರಿಗೆ ಸಿಗದಷ್ಟು ಗಟ್ಟಿ. ಮನೆಯ ಗೋಡೆಗೆ ಮಾತ್ರ ಹಾಕಲಿಲ್ಲ, ಅಲ್ಲಿ ಗೋಡೆ ಮರಕ್ಕಿಂತ ಮೆದುವಾಗಿಯೇ ಇರಬೇಕು.

ಮನೆಯ ಗಾರೆಯ ಮೇಲೆ ಐದು ಕೈ ಸುಣ್ಣ ಬಳಿದೆ. ಮಳೆ ಹೊಡೆಯುವ ಪಶ್ಚಿಮದ ಕಡೆಗೆ ಕೊಬ್ಬು ಸೇರಿಸಿದ್ದೇನೆ. ಎಷ್ಟು, ಸುಣ್ಣ ಕುದಿಯುವಾಗಲೋ ಆಮೇಲೋ, ಅದನ್ನು ಇಲ್ಲಿ ಹೇಳುವುದಿಲ್ಲ. ಎರಡು ವರ್ಷ ಒದ್ದಾಡಿ ಕಂಡುಕೊಂಡದ್ದು ಅದು.

ಒಟ್ಟು 11 ಸಾವಿರದ ಹತ್ತಿರ ಹೋಗಿರಬಹುದು, ಕೆಟ್ಟದ್ದೂ ಸೇರಿ. 14 ಸಾವಿರ ಹೇಳಿದ್ದ ಕಂಟ್ರಾಕ್ಟರ್ ಮೊನ್ನೆ ಬಂದು ಗೋಡೆ ತಟ್ಟಿ ನೋಡಿ, ಮರಳು ಎಲ್ಲಿಂದ ತಂದೆ ಅಂತ ಕೇಳಿದ. ಅದನ್ನು ಹೇಳಿದೆ. ಹಿಂದಿನ ಹಾಲಿನ ಕೋಣೆಗೆ ಇನ್ನೂ ಸಿಮೆಂಟ್ ಇದೆ. ನಾಲ್ಕು ಡ್ರಮ್ ಸುಣ್ಣ ನೆನೆಯುತ್ತಿದೆ, ಹಿಮ ಮುಗಿದ ಕೂಡಲೇ ಅದಕ್ಕೆ ಕೈ ಹಾಕುತ್ತೇನೆ.